ಎಳೆಯ ಹೂಮರಗಳ ಕೊಂಬೆಗಳು ತುದಿಯಿಂದ ಒಣಗುತ್ತಿವೆ: ಕಾರಣವನ್ನು ಎಲ್ಲಿ ಹುಡುಕಬೇಕು?

ಹಿತ್ತಲಗಿಡ (ಪ್ರಶ್ನೆ)

ಎರಡು ವರ್ಷಗಳ ಹಿಂದೆ ಅಂಗಳದ ಅಂಚಿನಲ್ಲಿ ಒಂದೇ ಸಾಲಿಗೆ ನಾಲ್ಕು ಹೂಮರದ ಸಸಿಗಳನ್ನು ನೆಟ್ಟಿದ್ದೇನೆ. ಮೂರು ಹೊಳೆದಾಸವಾಳ, ಕೊನೆಯದು ಮಂದಾರ. ಎಲ್ಲವೂ ದೊಡ್ಡ ಕುಂಡಗಳಲ್ಲಿ ಬೆಳೆದವು, ನೆಡುವ ಹೊತ್ತಿಗೇ ಆಳೆತ್ತರ ಬಂದಿದ್ದವು. ಮೊದಲ ವರ್ಷ ನಾಲ್ಕೂ ಚೆನ್ನಾಗಿ ಚಿಗುರಿದವು. ಈ ವರ್ಷ ಎರಡು ಹೊಳೆದಾಸವಾಳಗಳಲ್ಲಿ ನೆತ್ತಿಯ ಕೊಂಬೆಗಳು ತುದಿಯಿಂದ ಕೆಳಮುಖವಾಗಿ ಒಣಗುತ್ತಿವೆ. ಮೊದಲು ತುದಿಯ ಎಲೆಗಳು ಸಣ್ಣದಾದವು, ಅವುಗಳ ಅಂಚು ಸುಟ್ಟಂತೆ ಕಂದಿತು, ಆಮೇಲೆ ಎಲೆಗಳು ಉದುರಿ ರೆಂಬೆ ಬೂದುಬಣ್ಣಕ್ಕೆ ತಿರುಗಿತು. ಈಗ ಕೆಲವು ಕೊಂಬೆಗಳು ತುದಿಯಿಂದ 40 ಸೆಂಟಿಮೀಟರಿನಷ್ಟು ಸತ್ತಿವೆ. ಅದೇ ಹೊತ್ತಿಗೆ ಕಾಂಡದ ಕೆಳಭಾಗದಿಂದ ಹೊಸ ಚಿಗುರುಗಳು ನೆಟ್ಟಗೆ ಏಳುತ್ತಿವೆ. ಮಂದಾರದಲ್ಲಿ ಪಕ್ಕದ ಒಂದೇ ಒಂದು ಕೊಂಬೆ ಒಣಗಿದೆ, ಉಳಿದ ಗಿಡ ಹಸಿರಾಗಿಯೇ ಇದೆ. ಮೂರನೆಯ ಹೊಳೆದಾಸವಾಳಕ್ಕಂತೂ ಏನೂ ಆಗಿಲ್ಲ. ಅದು ಒಣಗುತ್ತಿರುವ ಗಿಡದಿಂದ ಬರೀ 4 ಮೀಟರ್ ದೂರದಲ್ಲಿದೆ, ಒಂದೇ ಮಣ್ಣು, ಒಂದೇ ಬಿಸಿಲು, ಆದರೂ ಹೀಗೇಕೆ ಎಂಬುದು ನನಗೆ ಬಿಡಿಸಲಾಗದ ಒಗಟಾಗಿದೆ.

ದಿನವೂ ಸಂಜೆ ಸ್ವಲ್ಪ ಸ್ವಲ್ಪ ನೀರು ಕೊಡುತ್ತಿದ್ದೇನೆ. ರೋಗವಿರಬಹುದೆಂದು ತಾಮ್ರದ ಶಿಲೀಂಧ್ರನಾಶಕವನ್ನು ಎರಡು ಸಲ ಸಿಂಪಡಿಸಿದೆ, ಗಿಡಕ್ಕೆ ಶಕ್ತಿ ಬರಲೆಂದು ಬುಡಕ್ಕೆ ರಸಗೊಬ್ಬರವನ್ನೂ ಹಾಕಿದೆ; ಎರಡರಿಂದಲೂ ಪ್ರಯೋಜನ ಕಾಣಲಿಲ್ಲ. ಕಾಂಡದ ಬುಡದಲ್ಲಿ ತೊಂದರೆ ಇದ್ದಂತಿಲ್ಲ. ಗಾಯವಿಲ್ಲ, ಬಿರುಕಿಲ್ಲ, ಕಂಬ ಹೂಳಿದ ಹಾಗೆ ನೇರವಾಗಿ ನೆಲಕ್ಕೆ ಇಳಿದಿದೆ. ಒಣಗಿದ್ದನ್ನು ಕತ್ತರಿಸಲೇ, ಇನ್ನೊಂದು ಔಷಧಿಯನ್ನು ಪ್ರಯತ್ನಿಸಲೇ, ಅಥವಾ ಗಿಡಗಳನ್ನೇ ಬದಲಿಸಬೇಕೇ ಎಂದು ತಿಳಿದವರು ದಯವಿಟ್ಟು ಹೇಳಬೇಕು. ಈ ಗಿಡಗಳನ್ನು ಕಳೆದುಕೊಳ್ಳಲು ಮನಸ್ಸಿಲ್ಲ.

ಬೇರುನೆಲ

ಕಾಂಡವು ಕಂಬ ಹೂಳಿದ ಹಾಗೆ ನೇರವಾಗಿ ನೆಲಕ್ಕೆ ಇಳಿದಿದೆ ಎಂದು ನೀವು ಸಮಾಧಾನದಿಂದ ಬರೆದಿದ್ದೀರಿ. ನನಗೆ ಕಳವಳ ಹುಟ್ಟಿಸಿದ್ದು ಅದೇ ಮಾತು. ಆರೋಗ್ಯವಾಗಿ ನೆಲೆಗೊಂಡ ಮರದ ಕಾಂಡ ನೆಲವನ್ನು ಮುಟ್ಟುವ ಜಾಗದಲ್ಲಿ ಅಗಲವಾಗುತ್ತದೆ, ಮೊದಲ ದಪ್ಪ ಬೇರುಗಳು ಹೊರಚಾಚುವ ಆ ಭಾಗ ಆನೆಯ ಕಾಲಿನ ಪಾದದಂತೆ ಮಣ್ಣಿನ ಮೇಲೆ ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಅದು ಮಣ್ಣಿನೊಳಗೆ ಹೂತುಹೋಗಿದೆ ಎಂದೇ ಬಹುತೇಕ ಅರ್ಥ. ನೆಡುವಾಗ ಗುಂಡಿ ಹೆಚ್ಚು ಆಳವಾಗಿದ್ದರೆ ಹೀಗಾಗುತ್ತದೆ. ಗುಂಡಿಯ ತಳಕ್ಕೆ ಸಡಿಲ ಮಣ್ಣು, ಕಾಂಪೋಸ್ಟ್ ತುಂಬಿ ಅದರ ಮೇಲೆ ಗಿಡ ಕೂರಿಸಿದರೂ ಆಗುತ್ತದೆ, ಏಕೆಂದರೆ ಕಾಂಪೋಸ್ಟ್ ಕೊಳೆತು ಇಳಿದಂತೆ ಗಿಡವೂ ಜೊತೆಗೆ ಕುಸಿಯುತ್ತದೆ. ಎಷ್ಟೋ ಸಲ ಕುಂಡದಲ್ಲಿರುವಾಗಲೇ ಅಗಲವಾದ ಆ ಭಾಗದ, ಅಂದರೆ ಬೇರಿನ ಕುತ್ತಿಗೆಯ ಮೇಲೆ ಮಣ್ಣು ಬಿದ್ದಿರುತ್ತದೆ, ಆಗ ಕುಂಡದ ಮಣ್ಣಿನ ಮಟ್ಟಕ್ಕೆ ಸರಿಯಾಗಿ ನೆಟ್ಟವರ ಗಿಡವೂ ಆಳಕ್ಕೆ ಹೋಗಿರುತ್ತದೆ.

ತೊಂದರೆ ಕಾಣುವುದು ತುದಿಯಲ್ಲಿ, ಅದರ ಮೂಲ ಬುಡದಲ್ಲಿ ಎಂದರೆ ನಂಬುವುದು ಕಷ್ಟ. ಅದಕ್ಕೇ ಎಲ್ಲರೂ ತುದಿಗೆ ಔಷಧಿ ಸಿಂಪಡಿಸುತ್ತಾರೆ. ಮರದೊಳಗಿನ ನೀರನ್ನು ಬೇರು ಕೆಳಗಿನಿಂದ ತಳ್ಳುವುದಕ್ಕಿಂತ ಹೆಚ್ಚಾಗಿ ಎಲೆಗಳೇ ಮೇಲಿನಿಂದ ಎಳೆದುಕೊಳ್ಳುತ್ತವೆ. ಎಲೆಯಿಂದ ನೀರು ಆವಿಯಾದಂತೆಲ್ಲ, ಕಟ್ಟಿಗೆಯ ಸೂಕ್ಷ್ಮ ಕೊಳವೆಗಳಲ್ಲಿರುವ ನೀರಿನ ಕಂಬ ಬೇರಿನವರೆಗೂ ಜಗ್ಗಿದ ಹಗ್ಗದಂತೆ ಬಿಗಿದುಕೊಂಡಿರುತ್ತದೆ. ಬೇರಿಗೆ ಅಷ್ಟು ನೀರನ್ನು ಒದಗಿಸಲಾಗದಾಗ ಎಳೆತ ಮಿತಿಮೀರಿ ಕೊಳವೆಗಳೊಳಗೆ ಗಾಳಿಗುಳ್ಳೆಗಳು ಸೇರುತ್ತವೆ, ಕಂಬ ತುಂಡಾಗುತ್ತದೆ, ತುಂಡಾದ ಕೊಳವೆಯ ಮುಂದಿನ ಭಾಗ ಬಾಯಾರಿ ಸಾಯುತ್ತದೆ. ಬೇರಿನಿಂದ ಅತಿ ದೂರವೂ ಹೆಚ್ಚು ಬಿಸಿಲಿನಲ್ಲೂ ಇರುವುದು ನೆತ್ತಿಯ ತುದಿ. ಆದ್ದರಿಂದ ಬೇರಿನ ಸಂಕಟ ಮೊದಲು ಅಲ್ಲಿಯೇ ಕಾಣಿಸಿಕೊಳ್ಳುತ್ತದೆ. ನೀವು ಹೇಳಿದ ಕ್ರಮ, ಅಂದರೆ ಎಲೆ ಸಣ್ಣದಾಗುವುದು, ಅಂಚು ಕಂದುವುದು, ನಂತರ ರೆಂಬೆ ಒಣಗುವುದು, ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಕಾಂಡದ ಕೆಳಗಿನಿಂದ ಏಳುತ್ತಿರುವ ಚಿಗುರುಗಳೂ ಅದನ್ನೇ ಹೇಳುತ್ತಿವೆ. ನೆತ್ತಿಯನ್ನು ಕಳೆದುಕೊಂಡ ಗಿಡ ನೀರು ಮುಟ್ಟುವ ಎತ್ತರದಲ್ಲಿ ಹೊಸ ಎಲೆಗಳನ್ನು ಹುಟ್ಟಿಸಿಕೊಳ್ಳುತ್ತಿದೆ. ಅವುಗಳನ್ನು ಸದ್ಯಕ್ಕೆ ಚಿವುಟಬೇಡಿ.

ಆದ್ದರಿಂದ ಮೊದಲು ಮಣ್ಣನ್ನು ತೆಗೆದು ನೋಡಿ. ಕಾಂಡದ ಸುತ್ತ ಚಿಕ್ಕ ಕೈಕರಣೆಯಿಂದ, ತೊಗಟೆಗೆ ತಗುಲದಂತೆ, ಬೆರಳುಗಳನ್ನೇ ಹೆಚ್ಚಾಗಿ ಬಳಸಿ, ಮೊದಲ ದಪ್ಪ ಬೇರು ಸಿಗುವವರೆಗೆ ಮಣ್ಣು ಸರಿಸಿ. ಎಷ್ಟು ಆಳದಲ್ಲಿ ಸಿಕ್ಕಿತು ಎಂಬುದನ್ನು ಅಳೆದುಕೊಳ್ಳಿ. ಕಾಂಡವನ್ನು ಬಳಸಿ ಸುತ್ತಿಕೊಂಡ ಬೇರು ಇದೆಯೇ ಎಂಬುದನ್ನೂ ಗಮನಿಸಿ. ಕುಂಡದ ಗೋಡೆಗೆ ತಾಗಿ ತಿರುಗಿದ ಬೇರು ನೆಲಕ್ಕೆ ಬಂದ ಮೇಲೂ ಅದೇ ವೃತ್ತದಲ್ಲಿ ದಪ್ಪವಾಗುತ್ತ ಹೋಗುತ್ತದೆ, ಇತ್ತ ಕಾಂಡವೂ ದಪ್ಪವಾಗುತ್ತದೆ, ಕೊನೆಗೆ ಅದು ಕೊರಳಿಗೆ ಬಿಗಿದ ಉರುಳಾಗುತ್ತದೆ. ಮೊದಲ ವರ್ಷ ಚೆನ್ನಾಗಿದ್ದ ಗಿಡ ನಂತರ ಸೊರಗುವುದಕ್ಕೆ ಇದು ಸಾಮಾನ್ಯವಾದ ಕಾರಣ.

ನೀರಿನ ವಿಷಯವನ್ನೂ ಹೇಳಲೇಬೇಕು. ದಿನವೂ ಸ್ವಲ್ಪ ಸ್ವಲ್ಪ ಎಂಬುದು ಎಳೆಯ ಮರಕ್ಕೆ ಒಳ್ಳೆಯ ಕ್ರಮವಲ್ಲ. ಮೇಲಿನ ನಾಲ್ಕು ಬೆರಳು ಮಣ್ಣು ಸದಾ ಒದ್ದೆಯಾಗಿರುತ್ತದೆ, ಅದರ ಕೆಳಗೆ ಒಣಗಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕುಂಡದಿಂದ ಬಂದ ಬೇರುಹೆಂಟೆಯ, ಅಂದರೆ ಬೇರುಗಳು ಹಿಡಿದುಕೊಂಡಿರುವ ಮಣ್ಣಿನ ಮುದ್ದೆಯ ಸ್ವಭಾವ. ಅದರ ಹಗುರವಾದ ಮಿಶ್ರಣ ಬೇಗ ನೀರು ಬಿಡುತ್ತದೆ, ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ಸುಲಭವಾಗಿ ನೀರು ಹಿಡಿಯುವುದಿಲ್ಲ, ಸುತ್ತಲಿನ ಜಿಗುಟು ಮಣ್ಣಿನಲ್ಲಿರುವ ತೇವವೂ ತಾನಾಗಿ ಅದರೊಳಕ್ಕೆ ಹರಿಯುವುದಿಲ್ಲ. ಹೊರಗಿನ ಮಣ್ಣನ್ನು ಮುಟ್ಟಿ ತಂಪಾಗಿದೆ ಎಂದುಕೊಂಡಿರುವಾಗಲೇ ಒಳಗಿನ ಹೆಂಟೆ ಬೆಂಡಿನಂತೆ ಒಣಗಿರಬಹುದು. ಕಾಂಡದಿಂದ ಒಂದು ಗೇಣು ದೂರದಲ್ಲಿ ತೆಳುವಾದ ಕಬ್ಬಿಣದ ಸರಳನ್ನು ಇಳಿಸಿ ನೋಡಿ, 20 ಸೆಂಟಿಮೀಟರ್ ಆಳದ ಮಣ್ಣು ಹೇಗಿದೆ ಎಂದು ತಿಳಿಯುತ್ತದೆ. ರಸಗೊಬ್ಬರವನ್ನು ನಿಲ್ಲಿಸಿ. ಬಾಯಾರಿದ ಬೇರಿನ ಸುತ್ತ ಲವಣ ಹೆಚ್ಚಾದರೆ ಬೇರು ನೀರೆಳೆಯುವುದು ಇನ್ನೂ ಕಷ್ಟವಾಗುತ್ತದೆ, ಎಲೆಯಂಚು ಸುಡುವುದೂ ಅದರಿಂದಲೇ ಹೆಚ್ಚುತ್ತದೆ.

ಕಡುತೊಗಟೆ

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಬುಡವನ್ನು ಅಗೆದು ನೋಡದೆ ಬೇರೇನನ್ನೂ ಮಾಡಬಾರದು. ಆದರೆ ಮಂದಾರದ ಕಥೆ ಬೇರೆಯಂತೆ ತೋರುತ್ತದೆ. ಬೇರಿನ ಕೊರತೆಯಿಂದ ಸಾಮಾನ್ಯವಾಗಿ ನೆತ್ತಿಯ ಹಲವು ತುದಿಗಳು ಒಟ್ಟಿಗೆ ಸೊರಗುತ್ತವೆ. ಉಳಿದ ಗಿಡವೆಲ್ಲ ಹಸಿರಾಗಿದ್ದು ಪಕ್ಕದ ಒಂದೇ ಕೊಂಬೆ ಸತ್ತಿದೆ ಎಂದರೆ, ಆ ಕೊಂಬೆಯ ಮೇಲೆಯೇ ಎಲ್ಲೋ ಒಂದು ತಡೆ ಇರುವ ಸಾಧ್ಯತೆ ಹೆಚ್ಚು.

ಅದನ್ನು ಕಂಡುಹಿಡಿಯಲು ಒಣಗಿದ ತುದಿಯಿಂದ ಆರಂಭಿಸಿ ಉಗುರಿನಿಂದಲೋ ಚೂರಿಯ ಮೊನೆಯಿಂದಲೋ ತೊಗಟೆಯನ್ನು ಅಲ್ಲಲ್ಲಿ ತೆಳುವಾಗಿ ಕೆರೆಯುತ್ತ ಕೆಳಗೆ ಬನ್ನಿ. ಒಳಪದರ ಹಸಿರಾಗಿ, ಒದ್ದೆಯಾಗಿ ಕಂಡರೆ ಅಲ್ಲಿ ಜೀವವಿದೆ, ಕಂದಾಗಿ ಒಣಗಿದ್ದರೆ ಇಲ್ಲ. (ಹೊಳೆದಾಸವಾಳ ಒಣಹವೆಯ ಕಾಲದಲ್ಲಿ ಎಲೆ ಉದುರಿಸುವ ಮರವಾದ್ದರಿಂದ, ಬರಿದಾದ ರೆಂಬೆಯೆಲ್ಲ ಸತ್ತದ್ದೆಂದು ತಿಳಿದು ಕತ್ತರಿಸಿಬಿಡುವವರಿದ್ದಾರೆ; ಕೆರೆದು ನೋಡದೆ ಕತ್ತರಿ ಎತ್ತಬಾರದು.) ಜೀವವಿರುವ ಮತ್ತು ಸತ್ತ ತೊಗಟೆಯ ನಡುವಿನ ಗಡಿ ಹೇಗಿದೆ ಎಂಬುದು ಮುಖ್ಯ. ನೀರಿನ ಕೊರತೆಯಿಂದ ಒಣಗಿದ ಕೊಂಬೆಯಲ್ಲಿ ಹಸಿರು ನಿಧಾನವಾಗಿ ಮಾಸುತ್ತ ಹೋಗುತ್ತದೆ. ಶಿಲೀಂಧ್ರದಿಂದಾದ ಕ್ಯಾಂಕರಿನಲ್ಲಿ, ಅಂದರೆ ತೊಗಟೆ ಸತ್ತು ಆದ ಹುಣ್ಣಿನಲ್ಲಿ, ಗಡಿ ಗೆರೆ ಎಳೆದಂತಿರುತ್ತದೆ, ಸತ್ತ ತೊಗಟೆ ತುಸು ಗುಳಿಬಿದ್ದು ಬಣ್ಣ ಕಪ್ಪಾಗಿರುತ್ತದೆ, ಅಂಚಿನಲ್ಲಿ ಬಿರುಕಿರುತ್ತದೆ, ಕೆಲವು ಜಾತಿಗಳಲ್ಲಿ ಅಂಟು ಒಸರುತ್ತದೆ. ಅಲ್ಲಿ ಅಡ್ಡಲಾಗಿ ಕತ್ತರಿಸಿ ನೋಡಿದರೆ ಕಟ್ಟಿಗೆಯಲ್ಲಿ ಬೆಣೆಯಾಕಾರದ ಕಂದು ಕಲೆ ಕಾಣಬಹುದು. ಬೊಟ್ರಿಯೋಸ್ಫೇರಿಯ ಗುಂಪಿನ ಶಿಲೀಂಧ್ರಗಳು ಬಿಡುವ ಗುರುತು ಅದು.

ಆ ಗುಂಪಿಗೆ ಸೇರಿದ ಲ್ಯಾಸಿಯೋಡಿಪ್ಲೋಡಿಯ ಎಂಬ ಶಿಲೀಂಧ್ರ ಬೆಚ್ಚನೆಯ ಹವೆಯಲ್ಲಿ ನೂರಾರು ಜಾತಿಯ ಗಿಡಮರಗಳ ಮೇಲೆ ಬದುಕುತ್ತದೆ. ಅದರ ಸ್ವಭಾವವನ್ನು ಅರಿತರೆ ನಿಮ್ಮ ಎರಡು ಸಿಂಪರಣೆಗಳು ಏಕೆ ಫಲಿಸಲಿಲ್ಲ ಎಂಬುದೂ ತಿಳಿಯುತ್ತದೆ. ಅದು ಗಾಯದ ಮೂಲಕ ಒಳಸೇರುತ್ತದೆ, ಹಾಗೆ ಸೇರಿದ ಮೇಲೆ ಗಿಡ ಗಟ್ಟಿಯಾಗಿರುವಷ್ಟು ಕಾಲ ಯಾವ ಲಕ್ಷಣವನ್ನೂ ತೋರಿಸದೆ ಇರಬಲ್ಲದು. ಬರ, ಬೇರಿನ ಗಾಯ, ಬಿಸಿಲಿನ ಹೊಡೆತ ಬಂದು ಗಿಡ ದುರ್ಬಲವಾದಾಗ ಎದ್ದು ಕೊಂಬೆಯನ್ನು ಕೊಲ್ಲುತ್ತದೆ. ತಾಮ್ರದ ಔಷಧಿ ತೊಗಟೆಯ ಮೇಲ್ಮೈಯಲ್ಲಿ ಕುಳಿತು ಹೊಸ ಬೀಜಾಣು ಮೊಳೆಯದಂತೆ ತಡೆಯುತ್ತದೆಯೇ ಹೊರತು, ಕಟ್ಟಿಗೆಯೊಳಗೆ ಆಗಲೇ ಇರುವ ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಹಾಗಾಗಿ ಎಳೆಯ ಮರಗಳ ಒಣಗುವಿಕೆಯಲ್ಲಿ ಶಿಲೀಂಧ್ರ ಸಿಕ್ಕಿತು ಎಂದ ಮಾತ್ರಕ್ಕೆ ಕಾರಣ ಸಿಕ್ಕಿತು ಎಂದು ನಾನು ಒಪ್ಪುವುದಿಲ್ಲ. ಹೆಚ್ಚಿನ ಸಲ ಅದು ಎರಡನೆಯದಾಗಿ ಬಂದದ್ದು.

ಇದಕ್ಕೆ ಹೊರತಾದವೂ ಇವೆ. ಸತತ ಮಳೆಯ ದಿನಗಳಲ್ಲಿ ಕೊಂಬೆಯ ಮೇಲೆ, ಮುಖ್ಯವಾಗಿ ಕವಲಿನ ಹತ್ತಿರ, ತೆಳುಗುಲಾಬಿ ಬಣ್ಣದ ಹಕ್ಕಳೆ ಹರಡಿದರೆ ಅದು ಗುಲಾಬಿ ರೋಗ. ಗಟ್ಟಿಯಾದ ಮರವನ್ನೂ ಅದು ಬಾಧಿಸುತ್ತದೆ, ತಡಮಾಡದೆ ಕತ್ತರಿಸಿ ತೆಗೆಯಬೇಕು. ಗಿಡದ ಒಂದು ಪಕ್ಕವೇ ಬಾಡುತ್ತಿದ್ದು, ಕತ್ತರಿಸಿದ ರೆಂಬೆಯ ಕಟ್ಟಿಗೆಯಲ್ಲಿ ಉದ್ದುದ್ದ ಗೆರೆಗಳು ಕಂಡರೆ ಮಣ್ಣಿನಿಂದ ಬರುವ ವರ್ಟಿಸಿಲಿಯಂ ಎಂಬ ಶಿಲೀಂಧ್ರ ಇರಬಹುದೆಂದು ಸಂಶಯಿಸಬೇಕು. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಅದಕ್ಕೆ ಔಷಧಿಯಿಲ್ಲ. ಕೊಂಬೆಯ ಮೇಲೆ ಚಿಕ್ಕ ತೂತು, ಅದರ ಬಾಯಲ್ಲಿ ಹುಡಿಯಂತಹ ಹಿಕ್ಕೆ ಇದ್ದರೆ ಕಾಂಡಕೊರಕ. ಮಂದಾರದ ಆ ಕೊಂಬೆಯಲ್ಲಿ ಇವುಗಳಲ್ಲಿ ಯಾವುದಿದೆ ಎಂದು ನೋಡಿ ತಿಳಿಸಿ. ಆಧಾರದ ಕೋಲಿಗೆ ಕಟ್ಟಿದ ದಾರ ಒತ್ತಿಕೊಂಡಿದೆಯೇ ಎಂಬುದನ್ನೂ ಮರೆಯಬೇಡಿ.

ಚಿಗುರುಕಾಲ

ನನ್ನ ಅಭಿಪ್ರಾಯದಲ್ಲಿ ಬೇರು ಕಡಿಮೆಯಿದೆ ಎಂದಾದರೆ ಮೇಲಿನ ಕೊಂಬೆಗಳನ್ನೂ ಅರ್ಧಕ್ಕೆ ಸವರಿ ಸಮತೋಲನ ಮಾಡುವುದೇ ಸರಿಯಾದ ದಾರಿ. ಕತ್ತರಿಸಿದ ಗಾಯಗಳಿಗೆ ದಪ್ಪನೆಯ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಬಳಿದರೆ ರೋಗ ಒಳಗೆ ಬರುವುದಿಲ್ಲ. ನಮ್ಮ ಹಿರಿಯರು ಹೀಗೆಯೇ ಮಾಡುತ್ತಿದ್ದರು.

ಬೇರುನೆಲ

ಈ ಸಲಹೆಯನ್ನು ನಾನೂ ಮೊದಲು ಪಾಲಿಸುತ್ತಿದ್ದೆ, ಈಗ ಬಿಟ್ಟಿದ್ದೇನೆ. ಹೊಸ ಬೇರು ಬೆಳೆಯಲು ಬೇಕಾದ ಸಕ್ಕರೆ ಎಲೆಯಲ್ಲಿ ತಯಾರಾಗುತ್ತದೆ, ಬೇರನ್ನು ಪ್ರಚೋದಿಸುವ ಆಕ್ಸಿನ್ ಎಂಬ ಹಾರ್ಮೋನು ಎಳೆಯ ಚಿಗುರಿನಿಂದ ಕೆಳಗಿಳಿಯುತ್ತದೆ. ಜೀವಂತ ಕೊಂಬೆಗಳನ್ನು ಅರ್ಧಕ್ಕೆ ಸವರಿದರೆ ಬೇರು ಚೇತರಿಸಿಕೊಳ್ಳುವ ದಾರಿಯನ್ನೇ ಮುಚ್ಚಿದಂತಾಗುತ್ತದೆ. ಎಷ್ಟು ಎಲೆಗಳನ್ನು ಸಾಕಬಲ್ಲೆನೆಂಬುದನ್ನು ಗಿಡ ತಾನೇ ನಿರ್ಧರಿಸುತ್ತದೆ. ಸತ್ತದ್ದನ್ನು, ರೋಗ ತಗುಲಿದ್ದನ್ನು, ಮುರಿದದ್ದನ್ನು ಮಾತ್ರ ತೆಗೆದರೆ ಸಾಕು.

ಕತ್ತರಿಸುವ ಜಾಗವೂ ಮುಖ್ಯ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಒಂದು ಕೊರಳಪಟ್ಟಿ ಇರುತ್ತದೆ. ಇಡೀ ಕೊಂಬೆಯನ್ನು ತೆಗೆಯುವುದಾದರೆ ಆ ಉಬ್ಬಿನ ಹೊರಗೆ, ಅದಕ್ಕೆ ಗಾಯವಾಗದಂತೆ, ಮೋಟೂ ಉಳಿಯದಂತೆ ಕತ್ತರಿಸಬೇಕು. ಕ್ಯಾಂಕರ್ ಇದ್ದರೆ ಕಣ್ಣಿಗೆ ಕಾಣುವ ಗಡಿಯಿಂದ 15 ಸೆಂಟಿಮೀಟರಿನಷ್ಟು ಕೆಳಗೆ, ಆರೋಗ್ಯವಾದ ಕವಲಿನ ಅಥವಾ ಮೊಗ್ಗಿನ ಮೇಲಕ್ಕೆ ಕತ್ತರಿಸಿ. ಕತ್ತರಿಸಿದ ಮುಖದಲ್ಲಿ ಕಂದು ಕಲೆ ಕಂಡರೆ ಇನ್ನೂ ಕೆಳಗೆ ಹೋಗಬೇಕು. ಪ್ರತಿ ಕತ್ತರಿಕೆಯ ನಂತರ ಅಲಗನ್ನು ಶೇಕಡ 70ರ ಆಲ್ಕೋಹಾಲಿನಿಂದ ಒರೆಸಿ. ಒಣಹವೆಯ ದಿನವನ್ನು ಆರಿಸಿಕೊಳ್ಳಿ.

ಮುಲಾಮಿನ ಬಗ್ಗೆ ಹೇಳುವುದಾದರೆ, ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಗರಗಸದಿಂದ ಸೀಳಿ ಒಳಗಿನ ಗಾಯಗಳನ್ನು ಪರೀಕ್ಷಿಸಿದವರು. ಮರದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ, ಮರವು ಗಾಯದ ಸುತ್ತ ಒಳಗಿನಿಂದಲೇ ಗೋಡೆಗಳನ್ನು ಕಟ್ಟಿ ಕೊಳೆತವನ್ನು ಅಲ್ಲಿಯೇ ಕೂಡಿಹಾಕುತ್ತದೆ ಎಂಬ ತಿಳಿವಳಿಕೆಯನ್ನು ಅವರು 1977ರಲ್ಲಿ ಒಂದು ಮಾದರಿಯಾಗಿ ಪ್ರಕಟಿಸಿದರು. ಮೇಲೆ ಬಳಿದ ಬಣ್ಣವೋ ಟಾರೋ ಒಳಗಿನ ಕೊಳೆತವನ್ನು ನಿಲ್ಲಿಸುವುದಿಲ್ಲ ಎಂಬುದೂ ಅವರ ಕೆಲಸದಿಂದ ಸ್ಪಷ್ಟವಾಯಿತು. ಬೋರ್ಡೋ ಮುಲಾಮು ಟಾರಿನಂತಲ್ಲ, ಅದು ಶಿಲೀಂಧ್ರ ಮೊಳೆಯುವುದನ್ನು ತಡೆಯುತ್ತದೆ ಎಂಬುದು ನಿಜ. ಮಳೆಗಾಲದಲ್ಲಿ ಅನಿವಾರ್ಯವಾಗಿ ಕತ್ತರಿಸಿದ ಗಾಯಕ್ಕೆ ತೆಳುವಾಗಿ ಬಳಿಯುವುದನ್ನು ನಾನು ವಿರೋಧಿಸುವುದಿಲ್ಲ. ತಪ್ಪಾಗಿ ಕತ್ತರಿಸಿದ್ದನ್ನು ಮಾತ್ರ ಯಾವ ಮುಲಾಮೂ ಸರಿಪಡಿಸಲಾರದು.

ಹಿತ್ತಲಗಿಡ

ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನ ಕುಳಿತು ನಾಲ್ಕೂ ಗಿಡಗಳ ಬುಡವನ್ನು ಬಿಡಿಸಿ ನೋಡಿದೆ. ಕಂಡದ್ದನ್ನು ಹಾಗೆಯೇ ಬರೆಯುತ್ತೇನೆ.

ಒಣಗುತ್ತಿರುವ ಮೊದಲ ಹೊಳೆದಾಸವಾಳದಲ್ಲಿ ಮೊದಲ ದಪ್ಪ ಬೇರು ಸಿಕ್ಕಿದ್ದು 11 ಸೆಂಟಿಮೀಟರ್ ಆಳದಲ್ಲಿ, ಎರಡನೆಯದರಲ್ಲಿ 14 ಸೆಂಟಿಮೀಟರ್ ಆಳದಲ್ಲಿ. ಎರಡನೆಯದರಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಬೇರು ಕಾಂಡದ ಮುಕ್ಕಾಲು ಸುತ್ತನ್ನು ಬಳಸಿಕೊಂಡಿತ್ತು, ಅದರ ಕೆಳಗಿನ ತೊಗಟೆ ತಗ್ಗಾಗಿತ್ತು. ಸರಳು ಇಳಿಸಿ ನೋಡಿದಾಗ ಮೇಲಿನ ಮಣ್ಣು ಕೈಗೆ ಅಂಟುವಷ್ಟು ಒದ್ದೆ, ಹೆಂಟೆಯ ಒಳಗೆ ಹುಡಿಹುಡಿ. ಗಾಳಿಗೆ ಬೀಳದಿರಲಿ, ಆಳಕ್ಕೆ ನೆಡಿ ಎಂದು ಸಸಿ ಕೊಟ್ಟವರು ಹೇಳಿದ್ದರು, ನಾನು ಅದನ್ನು ಶ್ರದ್ಧೆಯಿಂದ ಪಾಲಿಸಿದ್ದೆ. ಆರೋಗ್ಯವಾಗಿರುವ ಮೂರನೆಯ ಗಿಡದ ಗುಂಡಿಯಲ್ಲಿ ಮಾತ್ರ ಅಗೆಯುವಾಗ ಬಂಡೆ ಅಡ್ಡ ಬಂದಿತ್ತು, ಬೇರೆ ದಾರಿಯಿಲ್ಲದೆ ಅದನ್ನು ಮೇಲಕ್ಕೆ ನೆಟ್ಟಿದ್ದೆ. ಅದರ ಬುಡ ನೀವು ಹೇಳಿದ ಹಾಗೆ ಅಗಲವಾಗಿ ನೆಲದ ಮೇಲೆಯೇ ಕಾಣುತ್ತಿದೆ. ಎರಡು ವರ್ಷ ದಿನವೂ ನೋಡುತ್ತಿದ್ದರೂ ಆ ವ್ಯತ್ಯಾಸ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಂದಾರದಲ್ಲಿ ಬುಡ ಸರಿಯಾಗಿದೆ. ಒಣಗಿದ ಕೊಂಬೆಯ ಮೇಲೆ, ಹಿಂದೆ ಆಧಾರದ ಕೋಲಿಗೆ ಕಟ್ಟಿದ್ದ ಪ್ಲಾಸ್ಟಿಕ್ ದಾರ ತೊಗಟೆಯೊಳಗೆ ಹುದುಗಿಹೋಗಿತ್ತು. ಅದರ ಮೇಲ್ಭಾಗ ಗುಳಿಬಿದ್ದು ಕಪ್ಪಾಗಿತ್ತು, ಕತ್ತರಿಸಿದಾಗ ಬೆಣೆಯಾಕಾರದ ಕಂದು ಕಲೆ ಕಂಡಿತು. ಕಲೆಯಿಲ್ಲದ ಕಟ್ಟಿಗೆ ಸಿಗುವವರೆಗೆ ಮೂರು ಸಲ ಕೆಳಕೆಳಗೆ ಕತ್ತರಿಸಬೇಕಾಯಿತು. ಈಗ ನನ್ನ ಪ್ರಶ್ನೆ ಎರಡು ಹೊಳೆದಾಸವಾಳಗಳದ್ದು. ಅವುಗಳನ್ನು ಎತ್ತಿ ಮತ್ತೆ ನೆಡಬೇಕೇ, ಅಥವಾ ಮಣ್ಣು ಸರಿಸಿ ಬಿಟ್ಟರೆ ಸಾಕೇ?

ಬೇರುನೆಲ

11 ಸೆಂಟಿಮೀಟರಿನದನ್ನು ಎತ್ತಬೇಡಿ. ಬೇರಿನ ಕುತ್ತಿಗೆ ಕಾಣುವಂತೆ ಕಾಂಡದ ಸುತ್ತ ಮಣ್ಣು ತೆಗೆದು, ತಟ್ಟೆಯಂತೆ ಅಗಲವಾಗಿ, ನಿಧಾನವಾದ ಇಳಿಜಾರಿನಲ್ಲಿ ನೆಲಕ್ಕೆ ಸೇರಿಸಿ. ಮಳೆನೀರು ಅಲ್ಲಿ ನಿಲ್ಲದಂತೆ ಒಂದು ಕಡೆ ಹರಿದುಹೋಗಲು ದಾರಿ ಮಾಡಿಕೊಡಿ, ಇಲ್ಲದಿದ್ದರೆ ಬುಡ ಕೊಳೆಯುವ ಬೇರೊಂದು ತೊಂದರೆ ಬರುತ್ತದೆ.

14 ಸೆಂಟಿಮೀಟರಿನದನ್ನು ಎತ್ತಿ ಮರಳಿ ನೆಡುವುದೇ ಒಳ್ಳೆಯದು. ಎರಡೇ ವರ್ಷವಾಗಿರುವುದರಿಂದ ಸಾಧ್ಯವಿದೆ, ಆದರೆ ತಂಪು ದಿನಗಳು ಬರುವವರೆಗೆ, ಗಿಡ ಹೊಸ ಚಿಗುರಿನಲ್ಲಿ ಇಲ್ಲದ ಹೊತ್ತನ್ನು ಕಾಯಿರಿ. ಸುತ್ತಿಕೊಂಡ ಬೇರನ್ನು ಮಾತ್ರ ಈಗಲೇ ತೆಗೆಯಬೇಕು. ಅದು ಕಾಂಡದೊಂದಿಗೆ ಬೆಸೆದುಕೊಂಡಿಲ್ಲ ಎಂದು ಖಚಿತವಾದರೆ, ಕಾಂಡದ ತೊಗಟೆಗೆ ತಾಗದಂತೆ ಚೂಪಾದ ಉಳಿಯಿಂದ ಎರಡು ಕಡೆ ತುಂಡರಿಸಿ ಬಿಡಿಸಿ. ಬೆಸೆದುಕೊಂಡಿದ್ದರೆ ಎಳೆದು ಕೀಳಬೇಡಿ, ಎರಡು ತುದಿಗಳನ್ನು ಕತ್ತರಿಸಿ ನಡುವಿನ ತುಂಡನ್ನು ಹಾಗೆಯೇ ಬಿಡಿ. ಮರಳಿ ನೆಡುವಾಗ ಹೆಂಟೆಯ ಹೊರಮೈಯಲ್ಲಿ ತಿರುಗಿರುವ ಉಳಿದ ಬೇರುಗಳನ್ನು ಬಿಡಿಸಿ ಹೊರಮುಖವಾಗಿ ಹರಡಿ, ಗುಂಡಿಯ ತಳದಲ್ಲಿ ಅಗೆಯದ ಗಟ್ಟಿ ಮಣ್ಣಿನ ಮೇಲೆ ಕೂರಿಸಿ, ಅಗೆದ ಮಣ್ಣನ್ನೇ ತುಂಬಿ. ಆಧಾರದ ಕೋಲು ಬೇಕಾದರೆ ಅಗಲವಾದ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ, ಒಂದು ವರ್ಷದೊಳಗೆ ತೆಗೆದುಬಿಡಿ.

ನೀರನ್ನು ಹೆಂಟೆಯ ಮೇಲೆಯೇ ನಿಧಾನವಾಗಿ, 30 ಸೆಂಟಿಮೀಟರ್ ಆಳ ನೆನೆಯುವವರೆಗೆ ಕೊಟ್ಟು, ಮತ್ತೆ ಸರಳು ಇಳಿಸಿ ನೋಡಿದ ಮೇಲೆ ಮುಂದಿನ ಸಲ ಕೊಡಿ. ತರಗೆಲೆ, ಕಟ್ಟಿಗೆ ಚೂರುಗಳ ಹೊದಿಕೆ 5ರಿಂದ 8 ಸೆಂಟಿಮೀಟರ್ ದಪ್ಪವಿರಲಿ, ಕಾಂಡದಿಂದ ಒಂದು ಗೇಣು ದೂರವೇ ನಿಲ್ಲಲಿ.

ಹಿತ್ತಲಗಿಡ

ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ. ಮೊದಲ ಗಿಡದಲ್ಲಿ ಒಣಗುವುದು ನಿಂತಿದೆ, ಸತ್ತ ತುದಿಯನ್ನು ತೆಗೆದ ಜಾಗದ ಕೆಳಗಿನ ಎರಡು ಮೊಗ್ಗುಗಳು ಚಿಗುರಿ ಎಲೆಗಳು ಅಂಗೈಯಷ್ಟು ಅಗಲವಾಗಿವೆ. ಎರಡನೆಯದರ ಸುತ್ತಿದ ಬೇರು ಬೆಸೆದುಕೊಂಡಿರಲಿಲ್ಲ, ಉಳಿಯಿಂದ ಬಿಡಿಸಿದೆ. ಆಮೇಲೂ ಇನ್ನೊಂದು ಕೊಂಬೆ ಒಣಗಿತು. ಕಳೆದ ವಾರ ಹವೆ ತಂಪಾದ ಮೇಲೆ ಅದನ್ನು ಎತ್ತಿ ಮೇಲಕ್ಕೆ ನೆಟ್ಟಿದ್ದೇನೆ. ಕಾಂಡವನ್ನು ಕೆರೆದು ನೋಡಿದರೆ ಎದೆಯೆತ್ತರದವರೆಗೆ ಹಸಿರಿದೆ. ಮಂದಾರ ಕತ್ತರಿಸಿದ ಕೊಂಬೆಯ ಪಕ್ಕದಲ್ಲೇ ಹೂಬಿಟ್ಟಿದೆ.